ನಿಕಿ ಹರ್ನ್ ನೋಡಿದ ಆಟ

ಐರ್ಲೆಂಡಿನ ವಾಟರ್‌ಫರ್ಡ್‌ನ ಗೇಲಿಕ್ ಕ್ರೀಡಾ ಸಂಘದಲ್ಲಿ ಸಾಕರ್ ಪಂದ್ಯ ನೋಡುವ ಹಕ್ಕಿದ್ದವನು ನಿಕಿ ಹರ್ನ್ ಒಬ್ಬನೇ. ಉಳಿದವರು ಕೋಲಿನಿಂದ ಚೆಂಡು ಹೊಡೆಯುವ ಹರ್ಲಿಂಗ್ ಆಡಬೇಕು, ಇಲ್ಲವೇ ನಮ್ಮದೇ ಗೇಲಿಕ್ ಫುಟ್‌ಬಾಲ್ ಆಡಬೇಕು. ಲೋಕವೆಲ್ಲ ಫುಟ್‌ಬಾಲ್ ಎನ್ನುವ ಸಾಕರ್, ರಗ್ಬಿ, ಹಾಕಿ, ಕ್ರಿಕೆಟ್ ಇವೆಲ್ಲ ನಮ್ಮನ್ನು ಆಳಿದವರ ಆಟ. ಆಡುವುದಿರಲಿ, ನೋಡಿದ್ದು ಗೊತ್ತಾದರೂ ಸಂಘದಿಂದ ಹೊರಗೆ ಹಾಕುತ್ತಿದ್ದರು. ಯಾರು ನೋಡಿದರು ಎಂದು ತಿಳಿಯಬೇಕಲ್ಲ? ಅದಕ್ಕೊಂದು ಕಾವಲು ಸಮಿತಿ. ಸಮಿತಿಯವನು ಭಾನುವಾರ ಸಾಕರ್ ಮೈದಾನಕ್ಕೆ ಹೋಗಿ ಜನರ ನಡುವೆ ನಿಂತು, ನಮ್ಮವರು ಯಾರಾದರೂ ಬಂದಿದ್ದಾರೆಯೇ ಎಂದು ಹುಡುಕಿ, ಹೆಸರು ಬರೆದುಕೊಂಡು ಬರಬೇಕು. ಆ ಕಾನೂನು ಮಾಡುವಾಗ ದೊಡ್ಡವರು ಬುದ್ಧಿಯನ್ನು ಎಲ್ಲಿಟ್ಟಿದ್ದರೋ ದೇವರೇ ಬಲ್ಲ.

ನಿಕಿ ವಾರಕ್ಕೆ ಆರು ದಿನ ಹಂದಿಮಾಂಸದ ಕಾರ್ಖಾನೆಯಲ್ಲಿ ಉಪ್ಪು ಹಚ್ಚುವ ಕೆಲಸ ಮಾಡುತ್ತಿದ್ದ. ಕೈಬೆರಳ ಸಂದಿಯೆಲ್ಲ ಬಿರಿದು ಕೆಂಪಗಾಗಿತ್ತು. ಅಪ್ಪ ಬೇಗ ಹೋದ. ಅಮ್ಮ ಹೋಗುವಾಗ ನಿಕಿಗೆ ಇಪ್ಪತ್ತೊಂಬತ್ತು, ತಮ್ಮ ಡೆಕ್ಲನ್‌ಗೆ ಹನ್ನೆರಡು. ಅಂದಿನಿಂದ ಅವನೇ ತಮ್ಮನಿಗೆ ಅಪ್ಪ, ಅವನೇ ಅಮ್ಮ. ಮದುವೆಯ ಮಾತು ಯಾರಾದರೂ ಎತ್ತಿದರೆ, "ಮೊದ್ಲು ಇವನು ಒಂದು ದಾರಿಗೆ ಬರ್ಲಿ" ಎನ್ನುತ್ತಿದ್ದ. ಡೆಕ್ಲನ್ ದಾರಿಗೆ ಬಂದ, ನಮ್ಮ ಚರ್ಚಿಗೆ ಸೇರಿದ ಊರುಗಳ, ಅಂದರೆ ಕಿಲ್ಬರೀನ್ ಪ್ಯಾರಿಷ್ಷಿನ, ಅತ್ಯುತ್ತಮ ಹರ್ಲಿಂಗ್ ಆಟಗಾರನೂ ಆದ. ಆ ಹೊತ್ತಿಗೆ ನಿಕಿಗೆ ನಲವತ್ತು ದಾಟಿತ್ತು, ಮದುವೆಯ ಮಾತು ಎತ್ತುವವರೂ ಸುಮ್ಮನಾಗಿದ್ದರು.

ನಿಕಿ ಸಂಘದ ಕೆಲಸ ಎಂದರೆ ಪ್ರಾರ್ಥನೆಯಷ್ಟೇ ಶ್ರದ್ಧೆಯಿಂದ ಮಾಡುವವನು. ಕಾವಲಿಗೆ ಹೋಗಲು ಯಾರೂ ಒಪ್ಪದಿದ್ದಾಗ ಅಧ್ಯಕ್ಷರಾದ ಕಾಂಡನ್ ಮೇಷ್ಟ್ರು ಇವನ ಕಡೆ ನೋಡಿದರು, ಇವನು ಇಲ್ಲ ಎನ್ನಲಿಲ್ಲ. ಹೀಗೆ ಎಂಟು ವರ್ಷ ಹೋದ. ಮೈದಾನದಲ್ಲಿ ಅವನು ಯಾರೆಂದು ಮೊದಲ ತಿಂಗಳಲ್ಲೇ ಎಲ್ಲರಿಗೂ ತಿಳಿದಿತ್ತು. ಬಂದರಿನಲ್ಲಿ ಮೂಟೆ ಹೊರುವ ಫರ್ಲಾಂಗ್ ಎಂಬ ದಪ್ಪ ಮನುಷ್ಯ ಪ್ರತಿ ವಾರ ಅವನ ಪಕ್ಕದಲ್ಲೇ ನಿಲ್ಲುತ್ತಿದ್ದ.

"ಏನಪ್ಪ ಪತ್ತೇದಾರಾ, ಇವತ್ತು ಎಷ್ಟು ಜನ ಕಳ್ಳರು?" ಎಂದು ಕೇಳುತ್ತಿದ್ದ.

"ನಿನ್ನ ಪಾಡಿಗೆ ಆಟ ನೋಡಯ್ಯ."

"ನಾನು ನೋಡ್ತಾನೇ ಇದೀನಿ. ನೀನೂ ನೋಡ್ತಿದೀಯಲ್ಲ, ಅದನ್ನ ಯಾರು ಬರ್ಕೋತಾರೆ?"

ಫರ್ಲಾಂಗ್ ಹೇಳಿದ್ದು ಸತ್ಯವಾಗಿತ್ತು. ಮೊದಲ ಚಳಿಗಾಲ ನಿಕಿ ಚೆಂಡಿನ ಕಡೆ ಬೆನ್ನು ಮಾಡಿ ಮುಖಗಳನ್ನೇ ನೋಡುತ್ತಿದ್ದ. ಎರಡನೆಯ ವರ್ಷ ಅರ್ಧ ತಿರುಗಿದ. ಆಮೇಲಾಮೇಲೆ ಮುಖಗಳನ್ನು ಮೊದಲ ಹತ್ತು ನಿಮಿಷದಲ್ಲಿ ಮುಗಿಸಿಬಿಡುತ್ತಿದ್ದ. ನಗರದ ತಂಡದಲ್ಲಿ ಲಾರ್ಕಿನ್ ಎಂಬ ಕೆಂಗೂದಲ ಆಟಗಾರನಿದ್ದ. ಅವನು ಎಡಗಡೆಯಿಂದ ಓಡಿ ಬಂದು, ಎದುರಾಳಿ ಹತ್ತಿರವಾದಾಗ ಒಂದು ಚಣ ನಿಂತೇಬಿಡುತ್ತಿದ್ದ. ಎದುರಾಳಿಯೂ ಪೆದ್ದನ ಹಾಗೆ ನಿಲ್ಲುತ್ತಿದ್ದ. ಅಷ್ಟರಲ್ಲಿ ಲಾರ್ಕಿನ್ ಅಲ್ಲಿ ಇರುತ್ತಿರಲಿಲ್ಲ! ಆ ನಿಲ್ಲುವಿಕೆ ನೋಡಲು ನಿಕಿ ಇಡೀ ವಾರ ಉಪ್ಪಿನ ತೊಟ್ಟಿಯ ಮುಂದೆ ಕಾಯುತ್ತಿದ್ದ. ಇದನ್ನು ಯಾರಿಗೂ ಹೇಳುವಂತಿರಲಿಲ್ಲ. ಪಾದ್ರಿಗಳ ಮುಂದೆ ಪಾಪ ಒಪ್ಪಿಕೊಳ್ಳುವಾಗಲೂ ಹೇಳಲಿಲ್ಲ.

ಆ ಎಂಟು ವರ್ಷದಲ್ಲಿ ಅವನು ಬರೆದುಕೊಟ್ಟ ಹೆಸರು ಐದು. ಅದರಲ್ಲಿ ಒಂದು ಹೆಸರು ಅವನನ್ನು ಬಿಡಲಿಲ್ಲ. ಸೈಮನ್ ಕಿರ್ವನ್, ನೆರೆ ಪ್ಯಾರಿಷ್ಷಿನ ಹರ್ಲಿಂಗ್ ತಂಡದ ಗೋಲ್‌ಕೀಪರ್, ಮೂವತ್ತಾರು ವರ್ಷದವನು. ಹೆಂಡತಿಯ ತಮ್ಮ ಮೊದಲ ಸಲ ಆಡುತ್ತಿದ್ದಾನೆಂದು ಸಾಕರ್ ನೋಡಲು ಬಂದಿದ್ದ. ನಿಕಿ ಬರೆದ. ಕಿರ್ವನ್ ಆ ವರ್ಷ ಹೊರಗುಳಿದ, ಅವನ ತಂಡ ಅದೇ ವರ್ಷ ಜಿಲ್ಲೆಗೇ ದೊಡ್ಡದಾದ ಕೌಂಟಿ ಫೈನಲ್ ಆಡಿತು. ಮುಂದಿನ ವರ್ಷ ಅವನಿಗೆ ಮೊಣಕಾಲು ಕೈಕೊಟ್ಟಿತು. ಚರ್ಚಿನ ಬಾಗಿಲಲ್ಲಿ ಎದುರಾದಾಗಲೆಲ್ಲ ಕಿರ್ವನ್ ಟೋಪಿ ತೆಗೆದು, "ದೇವರು ಒಳ್ಳೇದು ಮಾಡ್ಲಿ ನಿಕಿ" ಎನ್ನುತ್ತಿದ್ದ. ಬೈದಿದ್ದರೆ ಚೆನ್ನಾಗಿತ್ತು.

ಸಾವಿರದ ಒಂಬೈನೂರ ಐವತ್ತಮೂರರ ಅಕ್ಟೋಬರ್. ಇನ್ನು ಎರಡು ವಾರಕ್ಕೆ ಹರ್ಲಿಂಗ್ ಕೌಂಟಿ ಫೈನಲ್. ಕಿಲ್ಬರೀನ್ ಮೂವತ್ತೊಂದು ವರ್ಷದ ನಂತರ ಅಲ್ಲಿಗೆ ಬಂದಿತ್ತು, ಬಂದದ್ದು ಡೆಕ್ಲನ್‌ನಿಂದ. ಆ ಭಾನುವಾರ ನಿಕಿ ಎಂದಿನಂತೆ ಕಾವಲಿಗೆ ಹೋದ. ಆಟ ಮುಗಿಯಲು ಐದು ನಿಮಿಷವಿರುವಾಗ ಲಾರ್ಕಿನ್ ಓಡಿ ಬಂದ, ನಿಂತ, ಒಬ್ಬನನ್ನಲ್ಲ, ಇಬ್ಬರನ್ನು ನಿಲ್ಲಿಸಿ, ಚೆಂಡನ್ನು ಬಲೆಗೆ ಹಾಕಿದ. ನಿಕಿಗೆ ಮೈಮೇಲೆ ಎಚ್ಚರವಿರಲಿಲ್ಲ. ಟೋಪಿ ಎಸೆದ, ಕಿರುಚಿದ, ಫರ್ಲಾಂಗ್‌ನನ್ನು ಬಾಚಿ ತಬ್ಬಿಕೊಂಡ.

ಫರ್ಲಾಂಗ್‌ನ ಹೆಗಲ ಮೇಲಿಂದ ನೋಡಿದರೆ, ನಾಲ್ಕು ಮೆಟ್ಟಿಲ ಮೇಲೆ ಡೆಕ್ಲನ್ ನಿಂತಿದ್ದ. ಇವನನ್ನೇ ನೋಡಿ ನಗುತ್ತಿದ್ದ.

 ತಮ್ಮ ಇಲ್ಲಿಗೆ ಬಂದನಲ್ಲ ಎಂಬುದು ನಿಕಿಗೆ ಹೊಳೆದದ್ದು ಆಮೇಲೆ. ಮೊದಲು ಹೊಳೆದದ್ದು, ತಾನು ಸಿಕ್ಕಿಬಿದ್ದೆ ಎಂದು. ಊರಿಗೆಲ್ಲ ನೀತಿ ಹೇಳುವ ಅಣ್ಣ ಕುಣಿಯುವುದನ್ನು ತಮ್ಮ ನೋಡಿಬಿಟ್ಟ. ಆ ನಗು ತನ್ನನ್ನು ಗೇಲಿ ಮಾಡುವ ನಗು ಎಂದೇ ಅವನು ತಿಳಿದ. ಟೋಪಿ ಹುಡುಕುವ ನೆಪದಲ್ಲಿ ಬಗ್ಗಿ, ತಲೆ ಎತ್ತುವಷ್ಟರಲ್ಲಿ ಡೆಕ್ಲನ್ ಅಲ್ಲಿರಲಿಲ್ಲ.

ಮನೆಯಲ್ಲಿ ಇಬ್ಬರೂ ಎದುರುಬದುರು ಕೂತು ಹಂದಿಕಾಲು, ಆಲೂಗಡ್ಡೆ ತಿಂದರು.

"ಅಣ್ಣ," ಎಂದ ಡೆಕ್ಲನ್.

"ಉಪ್ಪು ಈ ಕಡೆ ತಳ್ಳು," ಎಂದ ನಿಕಿ.

ಡೆಕ್ಲನ್ ಉಪ್ಪು ತಳ್ಳಿದ. ಮಾತು ಅಲ್ಲಿಗೇ ನಿಂತಿತು. ನೀನು ಯಾಕೆ ಬಂದಿದ್ದೆ ಎಂದು ಕೇಳಿದರೆ, ನೀನು ಯಾಕೆ ಕುಣಿದೆ ಎಂದು ಅವನು ಕೇಳುತ್ತಾನೆ.  ಹಾಗಾಗಿ ನಿಕಿ ತಟ್ಟೆ ಎತ್ತಿಕೊಂಡು ತೊಳೆಯಲು ಹೋದ. ಕಾವಲಿನ ಹೆಸರು ಬರೆಯುವ ಪುಸ್ತಕದಲ್ಲೂ ಆ ವಾರ ಏನೂ ಬರೆಯಲಿಲ್ಲ.

ಕಿಲ್ಬರೀನ್ ಫೈನಲ್ ಗೆದ್ದಿತು. ಡೆಕ್ಲನ್‌ನನ್ನು ಹೆಗಲ ಮೇಲೆ ಹೊತ್ತು ಊರೆಲ್ಲ ಸುತ್ತಿದರು. ಮುದುಕಿಯರು ಬಾಗಿಲಿಗೆ ಬಂದು ಕಪ್ ಮುಟ್ಟಿ ನೋಡಿದರು. ಮೂರನೆಯ ದಿನ, ಸೋತ ಬ್ಯಾಲಿಗಾರ್‌ನವರು ತಕರಾರು ಸಲ್ಲಿಸಿದರು: ಡೆಕ್ಲನ್ ಹರ್ನ್ ಸಾಕರ್ ನೋಡಿದ್ದಾನೆ, ಆಡಲು ಅವನಿಗೆ ಅರ್ಹತೆಯಿರಲಿಲ್ಲ, ಕಪ್ ನಮಗೆ ಕೊಡಿ. ಅವನು ಮೈದಾನದ ಗೇಟಿನಿಂದ ಹೊರಬರುವುದನ್ನು ಬ್ರೆಡ್ ಗಾಡಿಯವನೊಬ್ಬ ಕಂಡಿದ್ದನಂತೆ.

ಬೀಜದಂಗಡಿಯ ಮಹಡಿಯಲ್ಲಿ ಸಂಘದ ಸಭೆ ಸೇರಿತು. ಕಾಲಿಡಲು ಜಾಗವಿರಲಿಲ್ಲ. ತಕರಾರನ್ನು ಐರ್ಲೆಂಡಿನಲ್ಲೇ ತಯಾರಾದ ಕಾಗದದ ಮೇಲೆ ಬರೆದಿರಬೇಕು, ಇಲ್ಲದಿದ್ದರೆ ಓದದೆಯೇ ತಳ್ಳಿಹಾಕಬಹುದು. ಕಾಂಡನ್ ಮೇಷ್ಟ್ರು ಕಾಗದವನ್ನು ದೀಪಕ್ಕೆ ಹಿಡಿದು ಒಳಗಿನ ಮುದ್ರೆ ಹುಡುಕಿದರು. ಕಿಲ್ಬರೀನ್‌ನವರೆಲ್ಲ ಅದು ಇರದಿರಲಿ ಎಂದು ಕತ್ತು ಚಾಚಿದರು. ಮುದ್ರೆ ಇತ್ತು. ದರಿದ್ರದವರು ಕಾಗದ ಸರಿಯಾಗಿಯೇ ತಂದಿದ್ದರು.

"ಬ್ರೆಡ್ ಗಾಡಿಯವನ ಮಾತು ಸಾಲಲ್ಲ," ಎಂದು ಕಿಲ್ಬರೀನ್ ಕಡೆಯವನೊಬ್ಬ ಕೂಗಿದ. "ಅವನು ಕುಡಿದ್ರೆ ಬಿಷಪ್ಪನ್ನೂ ಅಲ್ಲಿ ಕಂಡೆ ಅಂತಾನೆ!"

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಆಮೇಲೆ ಕನ್ನಡಕ ಒರೆಸಿಕೊಂಡು, "ನಿಕಿ ಆವತ್ತು ಅಲ್ಲೇ ಕಾವಲಿದ್ದನಲ್ಲ. ಅವನನ್ನೇ ಕೇಳಿದರಾಯ್ತು. ನಿಕಿ, ನಿನ್ನ ತಮ್ಮ ಅಲ್ಲಿದ್ನೇನಪ್ಪ? ಹೌದು ಇಲ್ಲ, ಅಷ್ಟು ಹೇಳು ಸಾಕು," ಎಂದರು.

ಅವರು ಕೇಳಿದ ದನಿಯಲ್ಲೇ ಉತ್ತರವಿತ್ತು. ಇಲ್ಲ ಎಂದುಬಿಡು, ಎಲ್ಲರೂ ಮನೆಗೆ ಹೋಗೋಣ. ನಿಕಿಯೂ ಇಲ್ಲ ಎನ್ನಲೆಂದೇ ಎದ್ದು ನಿಂತಿದ್ದ. ಎದ್ದವನಿಗೆ ಹಿಂದಿನ ಗೋಡೆಗೆ ಒರಗಿ ನಿಂತ ಸೈಮನ್ ಕಿರ್ವನ್ ಕಂಡ. ಟೋಪಿಯನ್ನು ಕೈಯಲ್ಲಿ ಹಿಡಿದು, ಸೋತ ಕಾಲನ್ನು ಮುಂದೆ ಚಾಚಿ, ಇವನು ಏನು ಹೇಳುತ್ತಾನೋ ಎಂದು ಕಾಯುತ್ತಿದ್ದ. ಬೇರೆಯವರ ಮನೆಯ ಹೆಸರಾದರೆ ಬರೆಯುತ್ತೀಯ, ನಿನ್ನ ಮನೆಯದಾದರೆ? ಕಿರ್ವನ್ ಹಾಗೆ ಕೇಳಲಿಲ್ಲ. ನಿಕಿಗೆ ಹಾಗೆ ಕೇಳಿಸಿತು.

"ಇದ್ದ," ಎಂದ.

ಇನ್ನೇನೂ ಯಾರೂ ಕೇಳಲಿಲ್ಲ. ಕಪ್ ಬ್ಯಾಲಿಗಾರ್‌ಗೆ ಹೋಯಿತು. ಡೆಕ್ಲನ್ ಅಮಾನತಾದ. ಅವನನ್ನು ಕೌಂಟಿ ತಂಡಕ್ಕೆ ಆರಿಸುವ ಮಾತಿತ್ತು, ಅದೂ ಅಲ್ಲಿಗೇ ಮುಗಿಯಿತು. ಯಾವಳೋ ಹುಡುಗಿಯ ಹಿಂದೆ ಹೋಗಿದ್ದ ಎಂದರು ಕೆಲವರು, ಬಾಜಿ ಕಟ್ಟಲು ಹೋಗಿದ್ದ ಎಂದರು ಇನ್ನು ಕೆಲವರು. ಕಪ್ ಮುಟ್ಟಿ ನೋಡಿದ್ದ ಮುದುಕಿಯರು ಅಂಗಡಿಯಲ್ಲಿ ನಿಕಿಗೆ ಬೆನ್ನು ತಿರುಗಿಸಿದರು. ಡೆಕ್ಲನ್ ಮಾತ್ರ ಅಣ್ಣನನ್ನು ದೂರಲಿಲ್ಲ. "ನಿಜ ಹೇಳಿದೆ, ಬಿಡು," ಎಂದ ಒಂದು ಸಲ. ಮೂರು ವಾರದ ಮೇಲೆ ಸಮುದ್ರದಾಚೆ, ನಮ್ಮನ್ನು ಆಳಿದವರ ಕಡೆಯ ಫಿಶ್‌ಗಾರ್ಡ್‌ಗೆ ಹೋಗುವ ಹಡಗು ಹತ್ತಿದ. ಹಡಗುಕಟ್ಟೆಯಲ್ಲಿ ನಿಕಿ ಬ್ರೆಡ್ಡಿನಲ್ಲಿ ಮಾಂಸವಿಟ್ಟು ಕಟ್ಟಿದ ಪೊಟ್ಟಣ ಕೊಟ್ಟ. ಡೆಕ್ಲನ್ ಅದನ್ನು ತೆಗೆದುಕೊಂಡ. ಹಡಗು ನದಿಯ ತಿರುವು ದಾಟಿ ಮರೆಯಾಗುವವರೆಗೂ ನಿಕಿ ಅಲ್ಲೇ ನಿಂತಿದ್ದ. ಸಾಕಿದ ಜೀವವನ್ನು ತಾನೇ ಕೈಯಾರೆ ಹೊರಗೆ ಹಾಕಿದೆ ಎಂದು ಅವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದು ತಪ್ಪೂ ಅಲ್ಲ.

ಮರುದಿನವೇ ಕಾವಲು ಸಮಿತಿ ಬಿಟ್ಟ. ಬಿಟ್ಟ ಮೇಲೆ ಅವನೂ ಎಲ್ಲರಂತೆ ಬರೀ ಸದಸ್ಯ. ಸದಸ್ಯ ಸಾಕರ್ ನೋಡುವಂತಿಲ್ಲ. ಸಂಘವನ್ನೇ ಬಿಟ್ಟು ಹೋಗಿ ನೋಡಬಹುದಿತ್ತು, ಯಾರು ಬೇಡವೆನ್ನುತ್ತಿದ್ದರು? ಅವನು ಬಿಡಲಿಲ್ಲ. ತಮ್ಮನನ್ನು ಕಳೆದುಕೊಂಡದ್ದು ಆ ಕಾನೂನಿಗಾಗಿ. ಈಗ ಅದನ್ನು ತಾನೇ ಮುರಿದರೆ ತಮ್ಮನನ್ನು ಕಳೆದುಕೊಂಡದ್ದಕ್ಕೆ ಅರ್ಥವೇನು? ಹೀಗೆ ಯೋಚಿಸುವ ಮೂರ್ಖರು ನಮ್ಮಲ್ಲಿ ಬಹಳ ಇದ್ದರು, ನಿಕಿ ಅವರಲ್ಲಿ ಒಳ್ಳೆಯವನು. ಭಾನುವಾರ ಮಧ್ಯಾಹ್ನ ಹಿತ್ತಲಿನಲ್ಲಿ ಎಲೆಕೋಸಿನ ಮಡಿ ಅಗೆಯುತ್ತಿದ್ದ. ಗಾಳಿ ಆ ಕಡೆಯಿಂದ ಬೀಸಿದರೆ ಮೈದಾನದ ಕೂಗು ಕೇಳುತ್ತಿತ್ತು. ಗೋಲಾಯಿತೆಂದು ತಿಳಿಯುತ್ತಿತ್ತು, ಹೊಡೆದವರು ಯಾರೆಂದು ತಿಳಿಯುತ್ತಿರಲಿಲ್ಲ. ಲಾರ್ಕಿನ್ ಆಟ ಬಿಟ್ಟದ್ದೂ ಅವನಿಗೆ ಎರಡು ವರ್ಷ ತಡವಾಗಿ ಗೊತ್ತಾಯಿತು.

ಡೆಕ್ಲನ್ ಕಾವೆಂಟ್ರಿಯಲ್ಲಿ ಕಾರು ಕಾರ್ಖಾನೆ ಸೇರಿದ, ಡೋರೀನ್ ಎಂಬ ಅಲ್ಲಿಯವಳನ್ನೇ ಮದುವೆಯಾದ. ಕ್ರಿಸ್‌ಮಸ್‌ಗೆ ಒಂದು ಕಾರ್ಡು ಬರುತ್ತಿತ್ತು, ಅಕ್ಷರ ಡೋರೀನ್‌ಳದು.

ಎಪ್ಪತ್ತೊಂದರ ಏಪ್ರಿಲ್‌ನಲ್ಲಿ ಸಂಘ ಆ ಕಾನೂನನ್ನು ಕಿತ್ತುಹಾಕಿತು. ಅದನ್ನು ಉಳಿಸಿರಿ ಎಂದು ಹೊಡೆದಾಡುವವರು ಯಾರೂ ಉಳಿದಿರಲಿಲ್ಲ. ನಿಕಿ ರೇಡಿಯೋದಲ್ಲಿ ಕೇಳಿದ. ಸುದ್ದಿ ಓದುವವನಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಹವಾಮಾನ ಬಂತು. ನಿಕಿ ಎದ್ದು ರೇಡಿಯೋ ಆರಿಸಿದ. ಇಷ್ಟು ಸುಲಭವಾಗಿ ಹೋಗುವಂಥದ್ದೇ ಇದು?

ಜೂನ್‌ನಲ್ಲಿ ಅವನು ಕಾವೆಂಟ್ರಿಗೆ ಹೋದ. ಐವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಸಮುದ್ರ ದಾಟಿದ್ದ. ಡೋರೀನ್ ಚೆನ್ನಾಗಿಯೇ ನೋಡಿಕೊಂಡಳು. ತಲೆಯೆಲ್ಲ ಬೆಳ್ಳಗಾದ ಡೆಕ್ಲನ್, ಅಪ್ಪನ ಹಾಗೆಯೇ ಕೆಮ್ಮುತ್ತಿದ್ದ. ಮನೆಯಲ್ಲಿ ಹರ್ಲಿಂಗ್ ಕೋಲು ಒಂದೂ ಇರಲಿಲ್ಲ. ಊಟಕ್ಕೆ ಮೊದಲು ಇಬ್ಬರೂ ಹಿತ್ತಲ ಬೆಂಚಿನ ಮೇಲೆ ಕೂತರು.

"ಕಾನೂನು ತೆಗೆದ್ರು," ಎಂದ ನಿಕಿ.

"ಕೇಳ್ದೆ. ಡೋರೀನ್ ಪೇಪರ್‌ನಲ್ಲಿ ನೋಡಿ ಹೇಳಿದ್ಲು."

"ಡೆಕ್ಲನ್, ಆವತ್ತು ನೀನು ಯಾಕೋ ಬಂದಿದ್ದೆ?"

ಡೆಕ್ಲನ್ ಬೂಟಿನ ತುದಿಯಿಂದ ಹುಲ್ಲು ಕೆದಕುತ್ತ ಕೂತ. "ಹದಿನೆಂಟು ವರ್ಷ ಬೇಕಾಯ್ತಾ ಅಣ್ಣ, ಇದನ್ನ ಕೇಳಕ್ಕೆ?"

"ಹುಡುಗಿ ಅಂದ್ರು, ಬಾಜಿ ಅಂದ್ರು."

"ಹುಡುಗೀನೂ ಇಲ್ಲ, ಮಣ್ಣೂ ಇಲ್ಲ. ಅಮ್ಮ ಹೋದ್ಮೇಲೆ ನೀನು ನಕ್ಕಿದ್ದನ್ನ ನಾನು ನೋಡಿರ್ಲಿಲ್ಲ. ನಾನು ಎಷ್ಟೇ ಚೆನ್ನಾಗಿ ಆಡಿದ್ರೂ ನೀನು ಕೈ ಕುಲುಕಿ, ಸರಿ ಹೊರಡೋಣ ಅಂತಿದ್ದೆ. ಆದ್ರೆ ಕಾವಲಿಗೆ ಹೋಗಿ ಬಂದ ಭಾನುವಾರ ಮಾತ್ರ ಆಲೂಗಡ್ಡೆ ಸುಲೀತಾ ಶಿಳ್ಳೆ ಹೊಡೀತಿದ್ದೆ. ನಿಂಗೆ ಗೊತ್ತೇ ಇರ್ಲಿಲ್ಲ, ಅಲ್ವಾ? ಅಲ್ಲಿ ಏನು ಸಿಗ್ತದೆ ಇವನಿಗೆ, ನಂಗೆ ಕೊಡಕ್ಕಾಗದೇ ಇದ್ದಿದ್ದು, ಅಂತ ನೋಡಕ್ಕೆ ಬಂದೆ."

ನಿಕಿ ತಮ್ಮನ ಕಡೆ ತಿರುಗಿ ಕೂತ.

"ನಾನು ಸಾಕರ್ ನೋಡ್ಲೇ ಇಲ್ಲ ಅಣ್ಣ. ತೊಂಬತ್ತು ನಿಮಿಷಾನೂ ನಿನ್ನನ್ನೇ ನೋಡ್ತಿದ್ದೆ. ನೀನು ಟೋಪಿ ಎಸೆದಾಗ ಎಷ್ಟು ಸಂತೋಷ ಆಯ್ತು ಗೊತ್ತಾ? ಮನೆಗೆ ಬಂದು ಅದನ್ನೇ ಹೇಳೋಣ ಅಂತಿದ್ದೆ. ನೀನು ಉಪ್ಪು ತಳ್ಳು ಅಂದೆ."

ನಿಕಿ ಬಿರಿದ ಬೆರಳುಗಳಿಂದ ಮುಖ ಮುಚ್ಚಿಕೊಂಡ. ಅಮ್ಮನ ಹೆಣದ ಮುಂದೆ ಅಳದವನು, ಹಡಗುಕಟ್ಟೆಯಲ್ಲೂ ಅಳದವನು, ಬಿಕ್ಕಿ ಬಿಕ್ಕಿ ಅತ್ತ. ಡೋರೀನ್ ಕಿಟಕಿಯಿಂದ ಊಟಕ್ಕೆ ಕರೆದಳು. ಡೆಕ್ಲನ್ ಕೈಯೆತ್ತಿ ತಡೆ ಎಂದು ಸನ್ನೆ ಮಾಡಿದ.

"ಕೇಳ್ಬೇಕಿತ್ತು ನಾನು," ಎಂದ ನಿಕಿ.

"ಹೂಂ," ಎಂದ ಡೆಕ್ಲನ್. "ಕೇಳ್ಬೇಕಿತ್ತು."