ಶೇಖರ ಹಾಕಿದ ಹಾರ್ನ್

ಹೋದ ಸೋಮವಾರ ಬೆಳಿಗ್ಗೆ, ಶೃಂಗೇರಿ ಇನ್ನೊಂದು ಕಿಲೋಮೀಟರ್ ಇದೆ ಅನ್ನುವಾಗ ನನ್ನ ಬೈಕು ಮತ್ತೆ ಕೈಕೊಟ್ಟಿತು. ಇಂಜಿನ್ ಇಲ್ಲ, ಲೈಟಿಲ್ಲ, ಹಾರ್ನಿಲ್ಲ. ಜೇಬಿನಲ್ಲಿದ್ದ ಕೊನೆಯ ಫ್ಯೂಸನ್ನು ಹಿಂದಿನ ತಿರುವಿನಲ್ಲೇ ಹಾಕಿ ಮುಗಿಸಿದ್ದೆ. ತಳ್ಳತೊಡಗಿದೆ. ಪಕ್ಕದಲ್ಲಿ ಹಾದುಹೋದ ಸ್ಕೂಲ್ ಬಸ್ಸಿನಿಂದ ನನ್ನದೇ ವಿದ್ಯಾರ್ಥಿಗಳು ಒಕ್ಕೊರಲಿನಿಂದ ಗುಡ್ ಮಾರ್ನಿಂಗ್ ಹೇಳಿದರು. (ಕ್ಲಾಸಿನಲ್ಲಿ ಇಷ್ಟು ಉತ್ಸಾಹದಿಂದ ಎಂದೂ ಹೇಳಿದ್ದಿಲ್ಲ.)

ಮೂರು ವಾರದಿಂದ ಇದೇ ಗೋಳು. ಹೇಳದೆ ಕೇಳದೆ ಫ್ಯೂಸ್ ಸುಟ್ಟುಹೋಗುತ್ತಿತ್ತು. ಎಲ್ಲೋ ಶಾರ್ಟ್ ಆಗುತ್ತಿದೆ ಎಂದು ಗೊತ್ತು. ಎಲ್ಲಿ? ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು. ನವರಾತ್ರಿಗೆ ಮುಂಚೆ ಕೊಪ್ಪದ ನಮ್ಮ ಮೆಕ್ಯಾನಿಕ್ ಶೇಖರ ಹೊಸ ಹಾರ್ನ್ ಹಾಕಿದ್ದ. ಅದಾಗಿ ತಿಂಗಳೊಳಗೆ ಈ ಕಾಟ ಶುರು. ಹಾಗಾದರೆ ತಪ್ಪು ಇನ್ಯಾರದು?

ಹನ್ನೆರಡು ವರ್ಷದಿಂದ ನನ್ನ ಬೈಕು ನೋಡುತ್ತಿರುವ ಶೇಖರನ ಬಳಿ ಹೋಗಿ ಜೋರು ಮಾಡಿದೆ.

"ಒಂದಿನ ಬಿಟ್ಟು ಹೋಗಿ ಸಾರ್. ನೋಡದೆ ಎಂತ ಹೇಳೂದು?" ಅಂದ.

"ಮತ್ತೆ ನಿನ್ನ ಕೈಗೇ ಕೊಡೂದಾ?" ಎಂದು ಹೊರಟುಬಂದೆ.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಹೇಳಿದೆ, ಸ್ಟಾಫ್ ರೂಮಿನಲ್ಲಿ ಹೇಳಿದೆ, ವಾಟ್ಸ್ಯಾಪ್ ಗ್ರೂಪಿನಲ್ಲಿ ಸುಟ್ಟ ಫ್ಯೂಸಿನ ಫೋಟೋ ಸಮೇತ ಹೇಳಿದೆ. ಬಾಳೆಹೊನ್ನೂರಿನ ನನ್ನ ಷಡ್ಡಕ, ಅಷ್ಟು ದೂರದಿಂದ ಶೇಖರನನ್ನೇ ಹುಡುಕಿಕೊಂಡು ಬರುತ್ತಿದ್ದವನು, ತನ್ನ ಸ್ಕೂಟರನ್ನು ಬೇರೆಯವರಿಗೆ ಕೊಟ್ಟ. ಇಬ್ಬರು ಸಹೋದ್ಯೋಗಿಗಳೂ ಗ್ಯಾರೇಜ್ ಬದಲಿಸಿದರು. ಆಗ ನನಗೆ ಖುಷಿಯಾಗಿತ್ತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಸೋಮವಾರ ತಳ್ಳಿಕೊಂಡು ಹೋಗಿದ್ದು ಶೃಂಗೇರಿಯ ಒಂದು ಗ್ಯಾರೇಜಿಗೆ. ಅಲ್ಲಿನ ಮೆಕ್ಯಾನಿಕ್ ವಯಸ್ಸಾದವರು, ಮಾತು ಕಡಿಮೆ. "ಹಾರ್ನ್ ಹಾಕಿದವ ಕೆಡಿಸಿದ್ದು" ಎಂದು ನಾನು ಶುರುಮಾಡಿದ್ದೇ ತಡ, ಕೈ ಎತ್ತಿ ತಡೆದರು.

"ಯಾರದ್ದು ಅಂತ ಆಮೇಲೆ ಹೇಳುವಾ ಮಾರಾಯ್ರೆ. ಮೊದಲು ಎಲ್ಲಿ ಅಂತ ನೋಡುವಾ."

ಫ್ಯೂಸ್ ಇರುವ ಜಾಗಕ್ಕೆ ಒಂದು ಬಲ್ಬ್ ಸಿಕ್ಕಿಸಿ ಕೀ ತಿರುಗಿಸಿದರು. ಬಲ್ಬು ಮಂಕಾಗಿ ಉರಿಯಿತು. "ಶಾರ್ಟ್ ಆದ್ರೆ ಇದು ಜೋರಾಗ್ತದೆ" ಅಂದರು. ಸೀಟಿನಡಿಯ ವೈರು ಅಲ್ಲಾಡಿಸಿದರು. ಏನಿಲ್ಲ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದರು. ಬಲ್ಬು ಝಗ್ಗನೆ ಹೊತ್ತಿಕೊಂಡಿತು! ಹಾಗೇ ಹಿಡಿದುಕೊಂಡು ಹಾರ್ನಿನ ವೈರು ಕಿತ್ತರು. ಬೆಳಕು ಕಡಿಮೆಯಾಗಲಿಲ್ಲ. "ಹಾರ್ನ್ ಅಲ್ಲ." ಇಂಡಿಕೇಟರಿನ ವೈರು ಕಿತ್ತರು. "ಇದೂ ಅಲ್ಲ."

ನಾನು ಗಣಿತದ ಮೇಷ್ಟ್ರು. ಸ್ಟೆಪ್ಸ್ ಬರೆಯದೆ ನೇರವಾಗಿ ಉತ್ತರ ಬರೆದ ಮಕ್ಕಳಿಗೆ ಮಾರ್ಕ್ಸ್ ಕತ್ತರಿಸುವವನು. ಸ್ಟೂಲು ಎಳೆದುಕೊಂಡು ಅವರ ಸ್ಟೆಪ್ಸ್ ನೋಡುತ್ತ ಕೂತೆ.

ಕೊನೆಗೆ ಹೆಡ್‌ಲೈಟ್ ಬಿಚ್ಚಿದರು. ಹಿಂದಿನ ವೈರುಗಳ ಕಟ್ಟಿನೊಳಗೆ ಬೆರಳು ಹಾಕಿ, ತುಕ್ಕು ಹಿಡಿದ ಸಣ್ಣ ಕಂಬಿಯೊಂದನ್ನು ಎಳೆದು ನನ್ನ ಅಂಗೈಯಲ್ಲಿಟ್ಟರು. ಅದಕ್ಕೆ ಒಣಗಿದ ಸೇವಂತಿಗೆಯ ತೊಟ್ಟು ಇನ್ನೂ ಅಂಟಿಕೊಂಡಿತ್ತು.

"ಹಾರ ಕಟ್ಟಿದ್ದು ಯಾರು?"

ಇನ್ಯಾರು, ನಾನೇ. ಆಯುಧಪೂಜೆಯ ದಿನ. ದಾರ ತುಂಡಾಗಿ ಹಾರ ರಸ್ತೆಗೆ ಬಿದ್ದರೆ ಅಪಶಕುನವಲ್ಲವೇ? ಮನೆ ಕಟ್ಟುವಾಗ ಉಳಿದಿದ್ದ ಬೈಂಡಿಂಗ್ ವೈರಿನಿಂದ ಬಿಗಿದಿದ್ದೆ. ಹೂವು ಉದುರಿತು, ಕಂಬಿ ಉಳಿಯಿತು. ಎಡಕ್ಕೆ ತಿರುಗಿದಾಗಲೆಲ್ಲ ಅದು ವೈರಿನ ಸಿಪ್ಪೆಯನ್ನು ಸ್ವಲ್ಪ ಸ್ವಲ್ಪವೇ ಕೊರೆದು, ಒಳಗಿನ ಕರೆಂಟನ್ನು ಬೈಕಿನ ಮೈಗೆ ಮುಟ್ಟಿಸುತ್ತಿತ್ತು.

ಸಂಜೆ ನೇರ ಶೇಖರನ ಗ್ಯಾರೇಜಿಗೆ ಹೋದೆ. ನಡೆದದ್ದೆಲ್ಲ ಹೇಳಿ, "ತಪ್ಪಾಯ್ತು ಮಾರಾಯ" ಅಂದೆ. ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡಲಿಲ್ಲ.

"ನಂಗೆ ಹೇಳಿ ಎಂತ ಪ್ರಯೋಜನ ಸಾರ್? ನಾ ಹಾಕಿದ ಹಾರ್ನ್ ಹೇಗುಂಟು ಅಂತ ನಂಗೆ ಗೊತ್ತಿತ್ತು. ನೀವು ಹೋಟ್ಲಲ್ಲಿ ಹೇಳಿದ್ದಲ್ವಾ? ಅಲ್ಲೇ ಹೇಳಿ."

ಮಾರನೇ ದಿನ ಹೋಗಿ ಹೇಳಿದೆ. ಅವತ್ತು ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಕೇಳಿದವರೇ ಕೂತಿದ್ದರು. ಒಬ್ಬರು "ಹೌದಾ?" ಎಂದು ಪೇಪರಿನ ಪುಟ ತಿರುಗಿಸಿದರು. ಇನ್ನೊಬ್ಬರು, "ಆದ್ರೂ ಅವ್ನ ಕೆಲ್ಸ ಈಗ ಅಷ್ಟಕ್ಕಷ್ಟೇ" ಅಂದರು.

"ಯಾರು ಹೇಳಿದ್ದು?" ಎಂದು ಕೇಳಿದೆ.

"ನೀವೇ ಅಲ್ವಾ ಮಾರಾಯ್ರೆ?"

ಗ್ರೂಪಿನಲ್ಲಿ ಹಾಕಿದ ತಪ್ಪೊಪ್ಪಿಗೆಯ ಮೆಸೇಜಿಗೆ ಒಂದು ಹೆಬ್ಬೆರಳೂ ಬರಲಿಲ್ಲ. ಷಡ್ಡಕ ಹೊಸ ಗ್ಯಾರೇಜೇ ಹತ್ತಿರ ಅನ್ನುತ್ತಾನೆ. ಫ್ಯೂಸಾದರೆ ಹೊಸದು ಹಾಕಬಹುದು. ಶೇಖರನಿಗೆ ನಾನು ಮಾಡಿದ್ದಕ್ಕೆ ಏನು ಹಾಕಲಿ?

ಬೇರೆ ದಾರಿ ಕಾಣದೆ, ಊರವರೆಲ್ಲ ಓದುವ ಈ ಪುಟದಲ್ಲಿ ಬರೆಯುತ್ತಿದ್ದೇನೆ. ಕೊಪ್ಪದ ಶೇಖರನ ಕೆಲಸದಲ್ಲಿ ಏನೂ ತಪ್ಪಿರಲಿಲ್ಲ. ಬೈಕು ಕೆಡಿಸಿದ್ದು ನಾನು. ಅವನ ಮೇಲಿನ ದೂರನ್ನು ನಾನು ಕೇಳಿಕೊಳ್ಳದಿದ್ದರೂ ಊರೆಲ್ಲ ಹಂಚಿದಿರಿ. ಈಗ ಕೇಳಿಕೊಳ್ಳುತ್ತಿದ್ದೇನೆ, ಇದನ್ನೂ ನಾಲ್ಕು ಜನಕ್ಕೆ ಫಾರ್ವರ್ಡ್ ಮಾಡುತ್ತೀರಾ?