ಭಾನುವಾರಗಳ ಲೆಕ್ಕ

ನನ್ನ ನೋಟ್‌ಬುಕ್ಕಿನ ಒಂದು ಪುಟದ ತಲೆಗೆ ‘ಅಕ್ಕನಿಗೆ ಯಾಕೆ ಮಕ್ಕಳಾಗಿಲ್ಲ’ ಎಂದು ಬರೆದಿದ್ದೆ. ಅದರ ಕೆಳಗೆ ಜನ ಹೇಳಿದ ಕಾರಣ, ಹೇಳಿದವರು, ಹೇಳಿದ ದಿನ. ಹೊಸ ಕಾರ್ಖಾನೆಗಳ ಹೊಗೆ: ಮನೆಯ ಓನರಮ್ಮ, ಮಂಗಳವಾರ. ಫಾರಂ ಕೋಳಿ: ಹಾಲಿನವರು, ಶುಕ್ರವಾರ. ತರಕಾರಿಗೆ ಹೊಡೆಯುವ ಔಷಧಿ, ಬೋರ್‌ವೆಲ್ ನೀರು, ತಡವಾದ ಮದುವೆ, ನಾಗದೋಷ, ಹೀಗೆ ಒಟ್ಟು ಹತ್ತು. ಮತ್ತೆ ಯಾರಾದರೂ ಅದನ್ನೇ ಹೇಳಿದರೆ ಪಕ್ಕದಲ್ಲಿ ಒಂದು ಗೀಟು. ಹೊಗೆಗೆ ಆರು ಗೀಟಾಗಿತ್ತು.

ಆಗ ನಾನು ರಾಮನಗರದಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದವಳು. ಬಿಡದಿಯಲ್ಲಿ ಅಕ್ಕ-ಭಾವನ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದು ರೈಲಿನಲ್ಲಿ ಓಡಾಡುತ್ತಿದ್ದೆ. ಅಕ್ಕ ರಾಮನಗರದ ಒಂದು ಫಿಲೇಚರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಿಸಿನೀರಿನ ತೊಟ್ಟಿಯ ಮುಂದೆ ನಿಂತು ರೇಷ್ಮೆಗೂಡಿನಿಂದ ನೂಲು ತೆಗೆಯುತ್ತಿದ್ದಳು. ಭಾವನಿಗೆ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕಾಯಂ ನೈಟ್ ಶಿಫ್ಟು. ಅಡುಗೆ ನನ್ನ ಪಾಲು. ಮಿಕ್ಕಿದರೆ ಅಕ್ಕ ಬೈಯುತ್ತಾಳೆಂದು ದಿನಾ ಎಷ್ಟು ಮುದ್ದೆ ಕಟ್ಟಿದೆ ಎನ್ನುವುದನ್ನೂ ಬರೆದಿಡುತ್ತಿದ್ದೆ.

ಅವರ ಮದುವೆಯಾಗಿ ಐದು ವರ್ಷವಾಗಿತ್ತು. ಮಾಗಡಿ ಹತ್ತಿರದ ಹಳ್ಳಿಯಲ್ಲಿದ್ದ ಭಾವನ ತಾಯಿ ಮಗನಿಗೆ ಎರಡನೇ ಹೆಣ್ಣು ಹುಡುಕುತ್ತಿದ್ದಾರೆ ಎಂಬ ಸುದ್ದಿ ಬಂತು. ಭಾವ “ನಾನೊಪ್ಪಾಕಿಲ್ಲ” ಎಂದಷ್ಟೇ ಹೇಳಿ ಮುಸುಕೆಳೆದುಕೊಂಡು ಮಲಗಿದರು. ಅಕ್ಕ ಅಳಲಿಲ್ಲ. ಮಾರನೆಯ ದಿನ ರಜೆ ಹಾಕಿ, ನನ್ನನ್ನೂ ಕರೆದುಕೊಂಡು ರಾಮನಗರದ ಲೇಡಿ ಡಾಕ್ಟರ ಹತ್ತಿರ ಹೋದಳು.

ಅಕ್ಕನ ಮುಟ್ಟಿನ ದಿನಗಳನ್ನು ನಾನೇ ಬರೆದಿಟ್ಟಿದ್ದೆ. ಒಂದರಿಂದ ಇನ್ನೊಂದಕ್ಕೆ ಮೂವತ್ತೊಂಬತ್ತು ದಿನ, ಐವತ್ತೆರಡು, ನಲವತ್ತೇಳು. ಡಾಕ್ಟರು ಪುಟ ನೋಡಿ, “ಮಧ್ಯಾಹ್ನ ಊಟ ಮಾಡ್ತೀಯಾ?” ಎಂದು ಕೇಳಿದರು.

“ಟೈಮ್ ಸಿಕ್ರೆ ತಿಂತೀನಿ ಮೇಡಂ.”

ರಕ್ತಪರೀಕ್ಷೆ ಮಾಡಿಸಿದರು. ರಕ್ತ ಕಡಿಮೆ, ಥೈರಾಯ್ಡ್ ತೊಂದರೆ ಬೇರೆ. “ಈಗೀಗ ಫಿಲೇಚರ್, ಫ್ಯಾಕ್ಟರಿ ಕಡೆಯಿಂದ ತುಂಬಾ ಹೆಣ್ಣುಮಕ್ಕಳು ಬರ್ತಾರಮ್ಮ. ಎಲ್ರೂ ಕೇಳೋದು ಒಂದೇ ಕಾರಣ. ಒಂದೇ ಇರಲ್ಲ. ಹೊತ್ತಿಗೆ ಊಟ, ನಿದ್ದೆ, ಮಾತ್ರೆ. ಯಜಮಾನ್ರಿಗೂ ಪರೀಕ್ಷೆ ಆಗ್ಬೇಕು.” ಚೀಟಿ ಬರೆಯುತ್ತಲೇ ಕೇಳಿದರು: “ತಿಂಗಳಲ್ಲಿ ಎಷ್ಟು ದಿನ ಒಟ್ಟಿಗಿರ್ತೀರಿ?”

ಅಕ್ಕ ಚೀಟಿಗೆ ಕೈ ಚಾಚಿದಳು.

ವಾಪಸು ಬರುವಾಗ ರೈಲಿನಲ್ಲಿ ನಾನು ಮುದ್ದೆಯ ಲೆಕ್ಕ ತೆಗೆದೆ. ಸೋಮವಾರದಿಂದ ಶನಿವಾರದವರೆಗೆ ಮೂರು ಮುದ್ದೆ. ಭಾವ ಉಂಡು ಎಂಟು ಗಂಟೆಗೆ ಕೆಲಸಕ್ಕೆ ಹೊರಡುತ್ತಿದ್ದರು. ಭಾನುವಾರ ಎರಡೇ. ಆ ದಿನ ಅವರು ಶಿಫ್ಟು ಮುಗಿಸಿ ನೇರ ಮಾಗಡಿ ಬಸ್ಸು ಹತ್ತಿ, ಊರಿನ ಹಿಪ್ಪುನೇರಳೆಗೆ ನೀರು ಕಟ್ಟಿ, ಸೋಮವಾರ ಬರುತ್ತಿದ್ದರು. ಒಂದು ವರ್ಷದಲ್ಲಿ ಭಾನುವಾರ ಮೂರು ಮುದ್ದೆ ಕಟ್ಟಿದ್ದು ನಾಲ್ಕೇ ಸಲ. ಗಂಡ ಹೆಂಡತಿ ಇಬ್ಬರೂ ಎಚ್ಚರವಾಗಿ ಮನೆಯಲ್ಲಿರುತ್ತಿದ್ದದ್ದು ಸಂಜೆ ಆರೂವರೆಯಿಂದ ಎಂಟರವರೆಗೆ. ಆ ಹೊತ್ತಿನಲ್ಲಿ ಇದ್ದ ಒಂದೇ ಕೋಣೆಯ ನಡುವೆ ಪುಸ್ತಕ ಹರಡಿಕೊಂಡು ಕೂತಿರುತ್ತಿದ್ದವಳು ನಾನು.

ಆ ಭಾನುವಾರ ನಾನೂ ಭಾವನ ಜೊತೆ ಊರಿಗೆ ಹೋದೆ. ಭಾವ ಪಂಪಿನ ಕಡೆ ಹೋದರು. ಅಕ್ಕನ ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಒಂದು ಹಿಡಿ ತೆಗೆದುಕೊಂಡು ಕೂತೆ.

“ಐದೊರ್ಸ ಕಾದಿವ್ನಿ ಕಣವ್ವ,” ಅಂದರು. “ನಿಮ್ಮಕ್ಕನ್ನ ಆಚಿಕ್ ಕಳ್ಸಾಕಿಲ್ಲ. ಇರ್ಲಿ. ಇನ್ನೊಬ್ಳು ಬರ್ಲಿ ಅಂತೀನಿ ಅಷ್ಟೆಯ.”

“ಅತ್ತೆ, ಭಾನುವಾರ ರಾತ್ರಿ ಭಾವ ಎಲ್ಲಿರ್ತಾರೆ?”

“ಇನ್ನೆಲ್ಲಿ, ನನ್ತಾವ.”

“ಮಿಕ್ಕಿದ್ ದಿನ?”

“ಪ್ಯಾಕ್ಟ್ರಿಲಿ. ಯಾಕ್ ಮಗ?”

“ಹಂಗಾರೆ ಅಕ್ಕನ ತಾವ ಯಾವಾಗ ಇರ್ತಾರೆ?”

ಸುಲಿಯುತ್ತಿದ್ದ ಕೈ ನಿಂತಿತು. ಅತ್ತೆ ಒಂದೊಂದೇ ವಾರವನ್ನು ಬೆರಳಲ್ಲಿ ಎಣಿಸಿದರು, ಮತ್ತೊಮ್ಮೆ ಎಣಿಸಿದರು. ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದರು.

“ಅಯ್ಯೋ ನನ್ ಬುದ್ಧಿಗಿಷ್ಟು! ಏಳು ದ್ಯಾವ್ರಿಗೆ ಅರಕೆ ಕಟ್ಟಿವ್ನಿ. ದ್ಯಾವ್ರಾದ್ರೂ ಏನ್ ಮಾಡಾನು?” ಆಮೇಲೆ ನನ್ನ ತಲೆಗೊಂದು ಮೊಟಕಿದರು. “ಮದ್ವೆ ಆಗ್ದಿರೋ ಹೆಣ್ಣು, ಇಂತ ಲೆಕ್ಕ ಇಕ್ಕತೀಯಾ ನೀನು?”

ಡಾಕ್ಟರು ಹೇಳಿದ್ದನ್ನೂ ಅವರಿಗೆ ಹೇಳಿದೆ. ಅಷ್ಟರಲ್ಲಿ ಭಾವ ಕೆಸರುಗಾಲಲ್ಲಿ ಬಂದು ನಿಂತರು. ಅತ್ತೆಯ ಮುಖದಲ್ಲಿ ಈಗ ನಗುವಿರಲಿಲ್ಲ.

“ಏನ್ಲಾ, ಬರೋ ಭಾನ್ವಾರ ಇತ್ಲಾಗ್ ಬಂದ್ರೆ ಮುದ್ದೆ ಇಕ್ಕಾಕಿಲ್ಲ ನೋಡು. ಎಂಡ್ರು ತಾವ ಇರು. ಡಾಕುಟ್ರು ಏಳ್ದಂಗೆ ನೀನೂ ಪರೀಕ್ಸೆ ಮಾಡುಸ್ಕೊ.”

“ತ್ವಾಟಕ್ಕೆ ನೀರು?”

“ನಾನ್ ಕಟ್ತೀನಿ. ಜತೀಗೆ ಈ ಲೆಕ್ಕದೋಳು ಬತ್ತಾಳೆ.”

ಹೀಗೆ ಶನಿವಾರ ಕಾಲೇಜು ಬಿಟ್ಟ ಮೇಲೆ ಮಾಗಡಿ ಬಸ್ಸು ಹತ್ತುವುದು ನನ್ನ ಪಾಲಿಗೆ ಬಂತು. ಕರೆಂಟು ಬಂದ ಹೊತ್ತಿಗೆ ಮೋಟಾರು ಹಾಕುವುದು, ಮಡವೆ ಒಡೆದು ನೀರನ್ನು ಸಾಲಿನಿಂದ ಸಾಲಿಗೆ ತಿರುಗಿಸುವುದು ಕಲಿತೆ. ಅತ್ತ ಅಕ್ಕ ಡಬ್ಬಿ ಒಯ್ದು ಹೊತ್ತಿಗೆ ಸರಿಯಾಗಿ ಉಣ್ಣತೊಡಗಿದಳು. ಭಾವ ಮುಖ ಗಂಟಿಕ್ಕಿಕೊಂಡೇ ಪರೀಕ್ಷೆ ಮಾಡಿಸಿಕೊಂಡರು, ಎಲ್ಲ ಸರಿಯಿತ್ತು. ಡೇ ಶಿಫ್ಟಿಗೆ ಅರ್ಜಿಯನ್ನೂ ಕೊಟ್ಟರು. ಅಕ್ಕನ ದಿನಗಳು ಮೂವತ್ತಾರಕ್ಕೆ ಇಳಿದವು, ಆಮೇಲೆ ಮೂವತ್ತೊಂದಕ್ಕೆ. “ದಾರಿಗೆ ಬರ್ತಿದೆ, ಇನ್ನೊಂದಾರು ತಿಂಗಳು ಧೈರ್ಯವಾಗಿ ನೋಡೋಣ,” ಎಂದರು ಡಾಕ್ಟರು.

ಅದನ್ನು ಅತ್ತೆಗೆ ಹೇಳಿದ ಭಾನುವಾರವೇ, ಹೆಣ್ಣು ತೋರಿಸುತ್ತೇನೆಂದಿದ್ದ ನೆಂಟರೊಬ್ಬರು ತೋಟದ ಬದುವಿಗೆ ಬಂದು ನಿಂತು ಕೂಗಿದರು: “ಏನಕ್ಕ, ಉಡ್ಗ ಯಾವಾಗ ಬತ್ತಾನೆ ನೋಡಾಕೆ?”

ಅತ್ತೆ ಗುದ್ದಲಿ ಊರಿ ಸೊಂಟ ನೆಟ್ಟಗೆ ಮಾಡಿಕೊಂಡರು. “ಆ ಹೆಣ್ಗೆ ಬ್ಯಾರೆ ಗಂಡು ನೋಡಪ್ಪ. ನನ್ ಮಗಂಗೆ ಮನೇಲಿ ಎಂಡ್ರವ್ಳೆ. ಭಾನ್ವಾರನೂ ಪುರ್ಸೊತ್ತಿಲ್ಲ.”