ಹುಣಸೆಬೀಜದ ಸೀಸೆಯೂ ವಳ್ಳೂರಿನ ಟಗರೂ

ಬಿಸಿ ತಾಗಿದರೆ ಗಟ್ಟಿಯಾದದ್ದು ಕರಗಬೇಕು, ತಂಪು ತಾಗಿದರೆ ಕರಗಿದ್ದು ಗಟ್ಟಿಯಾಗಬೇಕು. ಸೃಷ್ಟಿಯ ಈ ನಿಯಮದ ಮುಂದೆ ಅರಸನೂ ಒಂದೇ, ಆಳೂ ಒಂದೇ. ಕೋಳಿಮೊಟ್ಟೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬಾರದು. ದಿನಾ ಬೆಳಿಗ್ಗೆ ಒಂದು ಬೇಯಿಸಿದ ಮೊಟ್ಟೆ ತಿಂದು ಹೋಗಿ, ಮಧುಗಿರಿಯ ಮಕ್ಕಳಿಗೆ ಮೂವತ್ತು ವರ್ಷ ಈ ನಿಯಮವನ್ನು ಪಾಠ ಮಾಡಿದ ರಸಾಯನಶಾಸ್ತ್ರದ ಮೇಷ್ಟ್ರು ನಾನು.

ಇವತ್ತು ಪಕ್ಕದ ಮನೆಯಿಂದ ಹುಣಸೆಬೀಜ ಹುರಿಯುವ ವಾಸನೆ ಬಂತು. ನಿಮಗೆ ಆ ವಾಸನೆಗೆ ಚೌಕಾಬಾರ ನೆನಪಾಗಬಹುದು, ಹಲ್ಲುನೋವು ನೆನಪಾಗಬಹುದು. ನನಗೆ ನೆನಪಾಗುವುದು ಒಂದು ಟಗರು, ಮತ್ತು ಒಂದು ಮಧ್ಯಾಹ್ನದ ನನ್ನ ಪಾಂಡಿತ್ಯ.

ಶಿರಾದಲ್ಲಿರುವ ನನ್ನ ಅಕ್ಕನ ಮಗಳು ನಸ್ರೀನ್ ಆಗ ಸಂಶೋಧನೆ ಮಾಡುತ್ತಿದ್ದಳು. ಅವಳ ವಿಷಯದ ಹೆಸರು, ನೈಸರ್ಗಿಕ ಶರ್ಕರಗಳಿಂದಾದ ಉಷ್ಣಸ್ಪಂದಿ ಮಹಾಣು ಜೋಡಣೆ ಎಂದೇನೋ. ಕೊರಟಗೆರೆಯಲ್ಲಿ ಹೇಳಲು ಶುರುಮಾಡಿದರೆ ಮಧುಗಿರಿ ಬರುವ ಹೊತ್ತಿಗೆ ಮುಗಿಯುವಂಥದ್ದು. ವಸ್ತು ಮಾತ್ರ ನಮ್ಮದೇ ಹುಣಸೆಬೀಜದ ಅಂಟು. ಅದರ ಉದ್ದುದ್ದ ಸರಪಳಿಗಳಿಂದ ಸಕ್ಕರೆಯ ಕೆಲವು ಕೊಂಡಿಗಳನ್ನು ಕಿತ್ತು ಅದನ್ನು ಹದ ಮಾಡಿದ್ದಳು. ಆ ಸರಪಳಿಗಳು ಯಾವಾಗ ಕೂಡುತ್ತವೆ, ಯಾವಾಗ ಬಿಡುತ್ತವೆ ಎಂದು ಅವಳು ವಿವರಿಸುವಾಗ ನಾನು ಎಲ್ಲ ಬಲ್ಲವನಂತೆ ತಲೆಯಾಡಿಸುತ್ತ ಕ್ರಿಕೆಟ್ ನೋಡುತ್ತಿದ್ದೆ. “ಅವುಗಳಲ್ಲಿ ಖಾಯಂ ನಂಟು ಇಲ್ಲ ಮಾಮು, ಪಾವಗಡದ ಬಸ್ಸಲ್ಲಿ ಜನ ಕೂತಂಗೆ, ಒತ್ಕಂಡು ಕೂರ್ತವೆ, ಎದ್ದು ಹೋಗ್ತವೆ” ಎಂದದ್ದಷ್ಟೇ ಕಿವಿಗೆ ಬಿತ್ತು.

ಪಟ್ಟಿಯ ಬದಲು ಗಾಯಕ್ಕೆ ಸುರಿಯಲೆಂದು ಮಾಡಿದ ಈ ಅಂಟಿಗೆ ಒಂದು ಗಾಯ ಬೇಕಿತ್ತು. ಗಾಯ ಸಿಕ್ಕಿದ್ದು ಪಾವಗಡದ ಹತ್ತಿರದ ವಳ್ಳೂರಿನ ಕೆಂಚಮ್ಮನ ಟಗರಿನ ಹೆಗಲ ಮೇಲೆ. ಹುಟ್ಟಿದ ದಿನವೇ ತಾಯಿ ಸತ್ತ ಮರಿಯನ್ನು ಆಕೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಪಶುವೈದ್ಯರು ಕಟ್ಟಿದ ಪಟ್ಟಿಯನ್ನೆಲ್ಲ ಅದು ಸೋಲಾರ್ ಪಾರ್ಕಿನ ಬೇಲಿಯ ಕಂಬಕ್ಕೆ ಉಜ್ಜಿ ಉಜ್ಜಿ ಕಿತ್ತುಹಾಕುತ್ತಿತ್ತು. ಗಾಯ ದಿನೇ ದಿನೇ ಅಗಲವಾಗುತ್ತಿತ್ತು. ಹುಳ ಬೀಳುವ ಮೊದಲೇ, ಬರುವ ಸಂತೆಯಲ್ಲಿ ಕಟುಕರಿಗೆ ಕೊಡುವುದೆಂದು ಕೆಂಚಮ್ಮ ತೀರ್ಮಾನಿಸಿದ್ದಳು. ತೀರ್ಮಾನಿಸಿದ ದಿನದಿಂದ ಆಕೆ ಸರಿಯಾಗಿ ಉಣ್ಣುತ್ತಿರಲಿಲ್ಲವಂತೆ. ವೈದ್ಯರು ಒಪ್ಪಿದ್ದರಿಂದ, ಸಂತೆಗೆ ಮುಂಚೆ ಒಂದು ಸಲ ಈ ಅಂಟನ್ನು ಹಾಕಿ ನೋಡುವುದೆಂದಾಯಿತು.

ನಸ್ರೀನ್ ಹಿಂದಿನ ದಿನವೇ ಪಾವಗಡಕ್ಕೆ ಹೋದಳು. ಎರಡು ತಿಂಗಳು ಕೂತು ಮಾಡಿದ ಒಂದೇ ಒಂದು ಸೀಸೆ ನಮ್ಮ ಫ್ರಿಜ್ಜಿನಲ್ಲಿತ್ತು. ಬೆಳಿಗ್ಗೆ ಐಸಿನಲ್ಲಿಟ್ಟು ತರುವುದು ನನ್ನ ಪಾಲಿನ ಕೆಲಸ. “ತಣ್ಣಗಿರಬೇಕು ಮಾಮು, ಅಷ್ಟೇ” ಎಂದಿದ್ದಳು. ಯಾಕೆಂದು ಕೇಳುವುದು ಮೇಷ್ಟ್ರಾದವನಿಗೆ ಶೋಭಿಸುವುದಿಲ್ಲ.

ಮೇ ತಿಂಗಳು. ಐಸು ಮಿಡಿಗೇಶಿಯಲ್ಲೇ ನೀರಾಗಿ, ಪಾವಗಡ ತಲುಪುವ ಹೊತ್ತಿಗೆ ಆ ನೀರೂ ಬೆಚ್ಚಗಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಸೀಸೆ ತೆಗೆದು ನೋಡಿದರೆ ಒಳಗಿನದು ಹಾಲುಬಾಯಿಯಂತೆ ಹೆಪ್ಪುಗಟ್ಟಿದೆ! ನನ್ನ ವಿದ್ಯೆ ತಕ್ಷಣ ಎಚ್ಚೆತ್ತಿತು. ಐಸಿನಲ್ಲಿಟ್ಟದ್ದಕ್ಕೇ ತುಪ್ಪದ ಹಾಗೆ ಗಟ್ಟಿಯಾಗಿದೆ, ಪಾಪ ಹುಡುಗಿಗೆ ಇಷ್ಟೂ ಹೊಳೆದಿಲ್ಲ ಎಂದು ಮರುಗಿ, ಟೀ ಅಂಗಡಿಯಲ್ಲಿ ಒಂದು ಚೊಂಬು ಬಿಸಿನೀರು ಪಡೆದು ಸೀಸೆಯನ್ನು ಅದರಲ್ಲಿ ನಿಲ್ಲಿಸಿದೆ. ಕರಗಲಿಲ್ಲ. ಇನ್ನೊಂದು ಚೊಂಬು ತರಿಸಿದೆ. ಮೂರನೆಯದಕ್ಕೆ ಸೀಸೆಯನ್ನು ತಲೆಕೆಳಗು ಮಾಡಿದರೂ ಒಳಗಿನದು ಅಲುಗಲಿಲ್ಲ. ಬಿಸಿನೀರು ಕೊಟ್ಟವನು ನನ್ನನ್ನು ಗೌರವದಿಂದ ನೋಡುತ್ತಿದ್ದ.

ವಳ್ಳೂರಿನಲ್ಲಿ ನಸ್ರೀನ್ ಸೀಸೆ ನೋಡಿದಳು, ನನ್ನನ್ನು ನೋಡಿದಳು. ನಡೆದದ್ದನ್ನು ಹೇಳಿದೆ. ಅವಳು ಸೀಸೆ ಹಿಡಿದು ನಿಂತೇ ಇದ್ದಳು, ಚಿಕ್ಕವಳಿದ್ದಾಗ ನನ್ನ ಹತ್ತಿರ ಲೆಕ್ಕ ಹೇಳಿಸಿಕೊಂಡು ಶಾಲೆಯಲ್ಲಿ ತಪ್ಪು ಹಾಕಿಸಿಕೊಂಡು ಬಂದಾಗಲೂ ಹೀಗೇ ನಿಲ್ಲುತ್ತಿದ್ದಳು. ಆಮೇಲೆ ಐಸಿಗಾಗಿ ಅತ್ತಿತ್ತ ನೋಡಿದಳು. ಕಣ್ಣು ಹಾಯುವಷ್ಟು ದೂರ ಬಿಸಿಲು ಕುಡಿಯುತ್ತ ಮಲಗಿದ ಸೋಲಾರ್ ಹಲಗೆಗಳೇ. ಟಗರನ್ನು ಹಿಡಿದು ಕೂತಿದ್ದ ಕೆಂಚಮ್ಮ ಕೇಳಿದಳು:

“ಬಿಸ್ನೀರು ಉಯ್ದಂಗೆಲ್ಲಾ ಗಟ್ಟಿಯಾಯ್ತು ಅಂತೀರಿ. ಅಂಗಿದ್ರೂ ಉಯ್ತಾನೇ ಇದ್ರಾ, ಮೇಷ್ಟ್ರೇ?”

ಹೌದೆಂದೆ.

“ನಮ್ಮವ್ವ ಕಂಬ್ಳಿ ನೂಲಿಗೆ ಇದೇ ಬೀಜದ ಹಿಟ್ಟಿನ ಸರಿ ಗಂಜಿಯಂಗೆ ಕಾಸಿ ಹಚ್ಚೋಳು. ಅದು ಆರಿದ್ರೆ ಗಟ್ಟಿ. ಇದು ತಿರುಗುಮುರುಗು. ತಣ್ಣೀರ್ಗೆ ಇಕ್ಕು ಕಣಮ್ಮ, ನೋಡಾನ.”

“ಕರಗಿದ್ರೂ ಕೆಟ್ಟಿರಬಹುದು ಅಜ್ಜಿ, ಅದೇ ಭಯ” ಎಂದಳು ನಸ್ರೀನ್.

“ಕೆಟ್ಟಿದ್ರೆ ಸಂತೆ ಐತಲ್ಲ” ಎಂದ ಕೆಂಚಮ್ಮ ಟಗರಿನ ಕಿವಿಯ ಸಂದಿಯಲ್ಲಿ ಬೆರಳಾಡಿಸುತ್ತ ಆಚೆ ತಿರುಗಿದಳು.

ಸೀಸೆಯನ್ನು ಮಣ್ಣಿನ ಮಡಕೆಯ ನೀರಿನೊಳಗೆ ಮುಳುಗಿಸಿದೆವು. ಮುಕ್ಕಾಲು ಗಂಟೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೊದಲು ಅಂಚು ಬಿಟ್ಟಿತು, ಆಮೇಲೆ ನಡುವಿನ ಗಡ್ಡೆ ಸಡಿಲಾಗಿ ನೀರಾಯಿತು. ವೈದ್ಯರು ತೊಳೆದಿಟ್ಟ ಗಾಯದ ಮೇಲೆ ನಸ್ರೀನ್ ಅದನ್ನು ಹನಿಹನಿಯಾಗಿ ಸುರಿದಳು. ಟಗರಿನ ಮೈಶಾಖ ತಾಗಿದ್ದೇ ತಡ, ಅದು ಗಾಯದ ಗುಂಡಿಗೆ ಸರಿಯಾಗಿ ಕೂತು ಹೆಪ್ಪಾಯಿತು. ಟಗರು ನೆಟ್ಟಗೆ ಬೇಲಿ ಕಂಬಕ್ಕೆ ಹೋಗಿ ಉಜ್ಜಿತು. ಅಂಟು ಕದಲಲಿಲ್ಲ. ಮತ್ತೆ ಉಜ್ಜಿತು. ಕೊನೆಗೆ ಅವಮಾನವಾದವರ ಹಾಗೆ ಆಚೆ ಹೋಗಿ ಮೇಯತೊಡಗಿತು. ಅವತ್ತು ಕೆಂಚಮ್ಮ ನಮಗೆಲ್ಲ ಮುದ್ದೆ ಇಕ್ಕಿ ತಾನೂ ಎರಡು ಮುದ್ದೆ ಉಂಡಳು.

ಅದಾದ ಮೇಲೆ ನಾನು ಯಾರ ಕೆಲಸಕ್ಕೆ ಹೋದರೂ ಮೊದಲು ‘ಯಾಕೆ’ ಎಂದು ಕೇಳುವ ಅಭ್ಯಾಸ ಮಾಡಿಕೊಂಡಿದ್ದೇನೆ. ಮನೆಯಲ್ಲಿ ಇದರಿಂದ ತೊಂದರೆಯೇ ಹೆಚ್ಚು. ಕೊತ್ತಂಬರಿ ತನ್ನಿ ಎಂದರೂ ಕೇಳುತ್ತೇನೆ.

ಗಾಯ ಮೂರು ವಾರಕ್ಕೆ ಮುಚ್ಚಿತು. ಟಗರನ್ನು ಮಾರಲಿಲ್ಲ.